ದೇವರ ಗಡಿಗೆಯ ಕಲ್ಲು

ಆ ಶನಿವಾರ ಮಧ್ಯಾಹ್ನ ನಮ್ಮ ಯಜಮಾನರ ಹಲ್ಲು ಮುರಿಯಿತು. ಅನ್ನದಲ್ಲಿ ಕಲ್ಲು. ಕಟಕ್ ಎಂದ ಸದ್ದು ಒಲೆಯ ಮುಂದಿದ್ದ ನನಗೂ ಕೇಳಿಸಿತು.

"ಶಾರವ್ವಾ, ಅನ್ನಾ ಮಾಡೀಯೋ, ಸಿಮೆಂಟಿಗೆ ಖಡಿ ಕಲಸೀಯೋ?" ಎಂದರು. ಅವರು ಮನೆ ಕಟ್ಟುವ ಗೌಂಡಿ. ಹಾನಗಲ್ಲಿನಲ್ಲಿ ಅರ್ಧ ಮನೆಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದವರು ಅವರೇ. (ನಮ್ಮ ಮನೆಗೆ ಇನ್ನೂ ಮಾಡಿಲ್ಲ.)

"ಅಕ್ಕಿ ತಂದಾವ್ರು ನೀವು. ಇಂಥಾ ಹರಳಿನ ಅಕ್ಕಿ ಕೊಡೋ ಅಂಗಡಿ ಯಾವ್ದದು? ನಾನ ಹೋಗಿ ಜಗಳಾ ತಗೀತೇನಿ."

"ಬ್ಯಾಡ, ಬ್ಯಾಡ. ಭಾಳ ಒಳ್ಳೇ ಅಂಗಡಿ. ಅದರ ಮಾಲಕಗ ನೀ ಚೊಲೋ ಗೊತ್ತದೀ."

ಹಲ್ಲನ್ನೂ ಕಲ್ಲನ್ನೂ ತೊಳೆದು ಕಿಟಕಿಯಲ್ಲಿ ಜೋಡಿಸಿಟ್ಟರು. ಮಗಳು ಮಾಲಾ ಹೆರಿಗೆಗೆಂದು ಶಿಗ್ಗಾಂವಿಯಿಂದ ಬಂದಿದ್ದಳು. ಎಂಟು ತಿಂಗಳು. "ಅಪ್ಪಾ, ಎರಡೂ ಅವಳಿ ಜವಳಿ ಕಾಣ್ತಾವು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಗಲು ಹೋದೆ. ಕಲ್ಲು ನೋಡಿದೆ. ನಗು ನಿಂತಿತು.

ಬಿಳಿ ಕಲ್ಲು. ನಡುವೆ ಒಂದು ಕೆಂಪು ಗೆರೆ. ನನಗೆ ಆ ಕಲ್ಲಿನ ಗುರುತಿತ್ತು. ಹಿಂದಿನ ಭಾನುವಾರದ ಗಡಿಗೆಯಲ್ಲಿ ನಾನೇ ಅದನ್ನು ದೇವರಿಗೆ ಕೊಟ್ಟಿದ್ದೆ.

(ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಸಾಕಾಗಿದೆ.)

ನಾವು ಯೇಸುಸ್ವಾಮಿಯ ಸಭೆಯವರು. ದುಡಿದದ್ದರಲ್ಲಿ ಹತ್ತಕ್ಕೆ ಒಂದು ಪಾಲು ದೇವರದು. ದಶಾಂಶ ಎನ್ನುತ್ತಾರೆ. ಅದನ್ನು ಇಟ್ಟುಕೊಂಡರೆ ದೇವರ ಮನೆಗೇ ಕನ್ನ ಹಾಕಿದಂತೆ ಎಂದು ಚರ್ಚಿನ ಅಯ್ಯಗಳು ಹೇಳುತ್ತಿದ್ದರು. ಕೆಲಸ ಇದ್ದಾಗ ಕೊಟ್ಟೆವು. ಆಮೇಲೆ ಉಸುಕು ತುಟ್ಟಿ, ಸಿಮೆಂಟು ತುಟ್ಟಿ. ಮನೆ ಕಟ್ಟಿಸುವವರು ಬುನಾದಿಗೇ ನಿಂತರು. ವಾರಕ್ಕೆ ಆರು ದಿನದ ಕೆಲಸ ಎರಡು ದಿನಕ್ಕೆ ಬಂತು.

"ಈ ವರ್ಷ ದೇವ್ರ ಹತ್ರ ರಜಾ ಕೇಳ್ರಿ" ಎಂದೆ.

"ಉಸುರು ಕೊಡಾಕ ಅವ ಯಾವಾಗರ ರಜಾ ಹಾಕ್ಯಾನೇನು?" ಎಂದರು.

ದುಡ್ಡು ಇಲ್ಲದಿದ್ದರೆ ಅಕ್ಕಿ. ದಿನಾ ಬೆಳಿಗ್ಗೆ ಒಲೆಗೆ ಒಂಬತ್ತು ಹಿಡಿ, ದೇವರ ಗಡಿಗೆಗೆ ಒಂದು ಹಿಡಿ. ಭಾನುವಾರ ಗಡಿಗೆ ಚರ್ಚಿಗೆ. ಮನೆಯಲ್ಲಿ ಬಸುರಿ ಮಗಳು. ಆ ಒಂದು ಹಿಡಿ ನನ್ನ ಹೊಟ್ಟೆ ಉರಿಸುತ್ತಿತ್ತು.

ಆಗ ನನ್ನ ತಲೆಯಲ್ಲಿ ಒಂದು ಮಹಾಯೋಜನೆ ಉದಯಿಸಿತು. ಅಕ್ಕಿ ಆರಿಸುವಾಗ ಮೊರದಲ್ಲಿ ಹರಳು, ನೆಲ್ಲು, ನುಚ್ಚು ಉಳಿಯುತ್ತದೆ. ಚೆಲ್ಲುವುದೇಕೆ? ಗಡಿಗೆಯ ತಳಕ್ಕೆ ಅದು. ಮೇಲೆ ಎರಡು ಹಿಡಿ ಒಳ್ಳೆ ಅಕ್ಕಿ. ಗೌಂಡಿಯ ಹೆಂಡತಿ ನಾನು. ಒಳಗೆ ಏನೇ ಇರಲಿ, ಮೇಲಿನ ಗಿಲಾವು ನುಣ್ಣಗಿದ್ದರೆ ಸಾಕು ಎಂಬುದು ನನಗೆ ಗೊತ್ತು. ದೇವರೇನು ಬೇಯಿಸಿಕೊಂಡು ಉಣ್ಣುತ್ತಾನೆಯೇ? ಚರ್ಚಿನವರು ಯಾವುದೋ ಖಾನಾವಳಿಗೆ ಮಾರುತ್ತಾರೆ ಎಂದುಕೊಂಡಿದ್ದೆ.

ಎರಡು ತಿಂಗಳು ನಡೆಯಿತು. ಮನೆಯ ಡಬ್ಬಿಯಲ್ಲಿ ಅಕ್ಕಿ ಮುಗಿಯಲೇ ಇಲ್ಲ. ಪ್ರತಿ ಬುಧವಾರ ಯಜಮಾನರು ಒಂದು ಚೀಲ ತರುತ್ತಿದ್ದರು. ಸೋವಿ ಅಂಗಡಿ ಎನ್ನುತ್ತಿದ್ದರು. ಬರೀ ಹರಳು. ನಾನು ಆರಿಸಿ ಮತ್ತೆ ದೇವರಿಗೆ ಹಾಕುತ್ತಿದ್ದೆ. ಕಣ್ಣು ಮಂಜು, ಎಷ್ಟು ಆರಿಸಿದರೂ ಒಂದೆರಡು ಉಳಿಯುತ್ತಿದ್ದವು. ಆದರೂ ಮನೆ ತೂಗಿಸುವುದರಲ್ಲಿ ನನ್ನಂಥವಳಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಈಗ ದೇವರಿಗೆ ಕೊಟ್ಟ ಕಲ್ಲು ಗಂಡನ ಬಾಯಿಗೆ ವಾಪಸು ಬಂದಿತ್ತು. ಮೇಲಿನಿಂದ ಬಂದ ನೋಟೀಸು ಅದು. ಗಡಿಗೆ ಬರಿದು ಮಾಡಿ ಒಳ್ಳೆ ಅಕ್ಕಿ ತುಂಬಬೇಕು ಎಂದುಕೊಂಡೆ. ಡಬ್ಬಿ ನೋಡಿದೆ. ಮಾಲಾಳಿಗೆ ಆಗುವಷ್ಟೇ ಇತ್ತು. ಬರುವ ವಾರ ನೋಡೋಣ ಎಂದು ಮುಚ್ಚಳ ಹಾಕಿದೆ.

ಮರುದಿನ ಬೆಳಿಗ್ಗೆ ಅವರೇ ಗಡಿಗೆ ಹೊತ್ತು ಚರ್ಚಿಗೆ ತಂದರು. ಅಯ್ಯಗಳು ಪ್ರಸಂಗ ಹೇಳುವ ಹೊತ್ತಿಗೆ ತೂಕಡಿಸುವುದು ಅವರ ರೂಢಿ. ಹಾಡಿಗೆ ಎಲ್ಲರೂ ಎದ್ದರು. ಗಂಡಸರ ಕಡೆ ನೋಡಿದೆ. ಇವರು ಗೋಡೆಗೆ ಒರಗಿ ಕುಳಿತೇ ಇದ್ದರು. ಕಣ್ಣಿನಲ್ಲೇ ಬೈದೆ. ಕೆಮ್ಮಿದೆ. ಹಾಡು ಮುಗಿದು ಎಲ್ಲರೂ ಕುಳಿತರು. ಮೂವತ್ತು ವರ್ಷ ನಾನು ಕೆಮ್ಮಿದರೆ ಏಳುತ್ತಿದ್ದ ಮನುಷ್ಯ ಅಂದು ಏಳಲಿಲ್ಲ.

ಎದೆಬಡಿತ ನಿಂತಿದೆ ಎಂದರು ಡಾಕ್ಟರು. ನನಗೆ ಗೊತ್ತಿತ್ತು, ಏಕೆ ನಿಂತಿತು ಎಂದು.

ಬಂದವರು ಅಳುತ್ತ ಕುಳಿತರು. ನಾನು ಅಂಜುತ್ತ ಕುಳಿತೆ. ಎರಡನೆಯ ನೋಟೀಸು ಯಾರ ಹೆಸರಿಗೆ? ಮಾಲಾ ಸೊಂಟ ಹಿಡಿದುಕೊಂಡರೆ ನನಗೆ ಬೆವರು. ಅವಳ ಅಕ್ಕಿಯನ್ನು ಮೂರು ಸಲ ಆರಿಸುತ್ತಿದ್ದೆ.

"ಅವ್ವಾ, ಒಂದೊಂದು ಕಾಳಿಗೂ ಪರೀಕ್ಷಿ ಇಟ್ಟೀಯೇನು? ಹಸದು ಸಾಯಾಕತ್ತೇನಿ."

"ಸಾಯೂ ಮಾತು ಆಡಬ್ಯಾಡ!" ಎಂದು ಚೀರಿದೆ. ಅವಳು ಬೆದರಿದಳು.

ಇನ್ನು ತಡೆಯಲಾಗಲಿಲ್ಲ. ಪಕ್ಕದ ಮನೆಯ ಇಮಾಮಬಿಯ ಹತ್ತಿರ ಒಂದು ಚೀಲ ಅಕ್ಕಿ ಕೇಳಿದೆ.

"ಇಷ್ಟ್ಯಾಕ ಬೇ?"

"ದೇವ್ರ ಬಾಕಿ ಐತಿ."

"ಅಂಗಡ್ಯಾವ್ರು ಬಾಕಿ ಕೇಳಾಕ ಮನೀಗೆ ಬರೂದು ನೋಡೇನಿ. ನಿಮ್ಮಲ್ಲಿ ದೇವ್ರೂ ಬರ್ತಾನೇನು?" ಎಂದು ಗೊಣಗುತ್ತಲೇ ಅಳೆದುಕೊಟ್ಟಳು.

ಅಯ್ಯಗಳ ಹೆಂಡತಿ ಸುಧಾರಾಣಿ ಅಮ್ಮನವರೇ ಚರ್ಚಿನ ಅಕ್ಕಿಯ ಡ್ರಮ್ಮು ನೋಡಿಕೊಳ್ಳುವವರು. ಅವರ ಮುಂದೆ ಚೀಲ ಇಟ್ಟೆ. ಅದರ ಮೇಲೆ ಆ ಕಲ್ಲು ಇಟ್ಟೆ. ಎಲ್ಲ ಹೇಳಿದೆ.

"ನನ್ನ ಕಲ್ಲ ಅವ್ರನ್ನ ತಿಂತ್ರಿ ಅಮ್ಮಾರ. ಮಗಳನ್ನರ ಬಿಡಂತ ಹೇಳ್ರಿ ದೇವ್ರಿಗೆ."

ಅಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಆಮೇಲೆ ಅತ್ತರು.

"ಶಾರವ್ವಾರ, ಈ ಕಲ್ಲು ದೇವ್ರು ಕಳಿಸಿಲ್ರಿ. ಬುಧವಾರ ನಾನ ಕೊಟ್ಟಿದ್ದೆ, ಈ ಕೈಲೆ."

ಆ ಅಕ್ಕಿಯನ್ನು ಯಾವ ಖಾನಾವಳಿಗೂ ಮಾರುತ್ತಿರಲಿಲ್ಲವಂತೆ. ಕೆಲಸವಿಲ್ಲದ ಮನೆಗಳಿಗೆ ಬುಧವಾರ ಹಂಚುತ್ತಿದ್ದರಂತೆ. ನಮ್ಮದೂ ಅಂಥ ಮನೆ.

"ನಿಮಗ ಹೇಳಬ್ಯಾಡ್ರಿ ಅಂದಿದ್ರು ನಿಮ್ಮ ಯಜಮಾನ್ರು ಮಾರೆಪ್ಪನವ್ರು. 'ಆಕಿ ಭಾಳ ಮಾನದಾಕಿ, ಬ್ಯಾರೆಯವ್ರು ಕೊಟ್ಟಿದ್ದು ಉಣ್ಣಂಗಿಲ್ಲ' ಅಂತ. ಮೊದಲ ಸಲ ನಿಮ್ಮ ಗಡಿಗಿ ಡ್ರಮ್ಮಿಗೆ ಸುರವಾಕ ಬಾಗಿಸಿದೆ. ತಳದಾಗ ಖಡಖಡ ಅಂತು. ಅವ್ರು ಓಡಿ ಬಂದು ಗಡಿಗಿ ಹಿಡಕೊಂಡ್ರು. 'ಇದನ್ನ ಬ್ಯಾರೆ ಇಡ್ರಿ ಅಮ್ಮಾರ. ನನಗ ಕೊಡ್ರಿ. ಇನ್ನೊಬ್ರ ಹಲ್ಲು ಮುರದ್ರ ನಮ್ಮಾಕಿ ಮರ್ಯಾದಿ ಹೋಗ್ತೈತಿ' ಅಂದ್ರು. ಅದರ ಮ್ಯಾಲ ನಾಕು ಬೊಗಸಿ ಚೊಲೋ ಅಕ್ಕಿ ಹಾಕಿ ಕೊಡ್ತಿದ್ದೆ."

ಚೀಲದ ಮೇಲಿನ ಕಲ್ಲನ್ನು ಕೈಗೆ ತೆಗೆದುಕೊಂಡೆ.

"ಎದಿ ನೋವು ಅಂತಿದ್ರು. ನಿಮಗ ಹೇಳಿದ್ದಿಲ್ಲೇನು?" ಎಂದರು ಅಮ್ಮನವರು. "ಕಲ್ಲು ಹಲ್ಲು ಮುರೀತೈತ್ರಿ, ಎದಿ ಮುರಿಯೂದಿಲ್ಲ."

ಎರಡು ತಿಂಗಳು ನನ್ನ ಕಲ್ಲುಗಳು ಭಾನುವಾರ ಚರ್ಚಿಗೆ ಹೋಗಿ ಬುಧವಾರ ಮನೆಗೆ ಬಂದಿದ್ದವು, ಹಾವೇರಿ ಬಸ್ಸಿನ ಹಾಗೆ. ದೇವರನ್ನು ಏಮಾರಿಸಿದೆ ಎಂದುಕೊಂಡಿದ್ದೆ. ಹಾಕಿದ್ದು ಗಂಡನ ತಾಟಿಗೆ. ಅವರು ಕಡಿದರು, ನುಂಗಿದರು, ಒಳ್ಳೆ ಅಂಗಡಿ ಎಂದರು.

ಇಮಾಮಬಿಯ ಅಕ್ಕಿಯನ್ನು ಡ್ರಮ್ಮಿಗೆ ಸುರಿದು ಹೊರಟೆ. "ಬುಧವಾರ ಬರ್ರಿ, ಇನ್ನ ನಿಮ್ಮ ಹೆಸರಿಗೇ ಕೊಡ್ತೇನಿ" ಎಂದರು ಅಮ್ಮನವರು. ಮಾನದಾಕಿ ತಲೆ ಬಗ್ಗಿಸಿಕೊಂಡು ಹೋದಳು. ಈಗಲೂ ಹೋಗುತ್ತಾಳೆ. ಹೋದ ವಾರದ ಅಕ್ಕಿಯಲ್ಲಿ ಎಂಟು ಹರಳು ಸಿಕ್ಕವು. ಯಾರ ಮನೆಯವೋ. ನಾನು ಕೇಳಲಿಲ್ಲ.

ಮಾಲಾಳಿಗೆ ಹೆಣ್ಣು ಮಗು. ಇಬ್ಬರೂ ಗಟ್ಟಿ ಇದ್ದಾರೆ. ಆದರೂ ಕೂಸು ಬಿಕ್ಕಳಿಸಿದರೆ ನನ್ನ ಎದೆ ಹಾರುತ್ತದೆ. ಅಂಜಿಕೆ ಒಮ್ಮೆಗೇ ಹೋಗುವುದಿಲ್ಲ.

ದಿನಾ ಬೆಳಿಗ್ಗೆ ಬಾಗಿಲಿನ ಬೆಳಕಿಗೆ ಮೊರ ಹಿಡಿದು ಕೂರುತ್ತೇನೆ. ಮೊದಲು ದೇವರ ಹಿಡಿಯನ್ನೇ ಆರಿಸುತ್ತೇನೆ. ಕಣ್ಣಿನ ಮೇಲೆ ನಂಬಿಕೆ ಇಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಎಡದವಡೆಯಲ್ಲಿ ಕಡಿದು ನೋಡುತ್ತೇನೆ. ಅವರ ಹಲ್ಲು ಮುರಿದದ್ದು ಅದೇ ಕಡೆ. ಆಮೇಲೆ ಗಡಿಗೆಗೆ ಹಾಕುತ್ತೇನೆ.