ಹಿಂದಿನ ಬೆಂಚಿನವರು ನೋಡಿದ ಸಿನಿಮಾ

ಜನಾಂಗದ್ವೇಷವನ್ನು ಸದಾಶಿವ ಪೇಠೆಯಿಂದ ಶಾಶ್ವತವಾಗಿ ಕಿತ್ತೊಗೆಯಲು ನನ್ನಂಥವನಿಗೆ ಒಂದು ಶನಿವಾರ, ಒಂದು ಪ್ರೊಜೆಕ್ಟರ್, ಒಂದು ಪೆನ್‌ಡ್ರೈವ್ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಪುಣೆಯ ಆ ಪೇಠೆಯ ಹಳೆಯ ವಾಡೆಯೊಂದರ ಮಹಡಿಯಲ್ಲಿರುವ ಕೋಚಿಂಗ್ ಕ್ಲಾಸಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅದರ ಒಡತಿ ಮೇಡಂ ಒಂದು ವರ್ಷದಿಂದ ನನ್ನನ್ನು ಟ್ರಯಲ್ ಮೇಲೆ ಇಟ್ಟಿದ್ದರು. “ಶನಿವಾರ ನಿಮ್ಮ ಪಾಠ ನೋಡಲು ಬರುತ್ತೇನೆ. ಚೆನ್ನಾಗಿದ್ದರೆ ಕೆಲಸ ಕಾಯಂ,” ಎಂದರು. ಚೆನ್ನಾಗಿಲ್ಲದಿದ್ದರೆ ಏನು ಎಂದು ಹೇಳಲಿಲ್ಲ. ಈ ಪೇಠೆಯವರು ಮಾತು ಪೋಲು ಮಾಡುವುದಿಲ್ಲ. ಜನಾಂಗದ್ವೇಷದ ಮೇಲೊಂದು ಇಂಗ್ಲಿಷ್ ಸಿನಿಮಾ ತೋರಿಸಿ ಪಾಠ ಮಾಡುವುದೆಂದು ನಾನು ನಿಶ್ಚಯಿಸಿದೆ.

ನನ್ನ ಕ್ಲಾಸು ತುಂಬುವುದು ವ್ಯಾಕರಣದಿಂದಲ್ಲ, ಅಣಕದಿಂದ. ಮೇಡಂ ಕನ್ನಡಕದ ಮೇಲಿಂದ ನೋಡುವ ನೋಟ ನನಗೆ ಬರುತ್ತದೆ. ಕೆಳಗಿನ ಹೋಟೆಲಿನ ಶೆಟ್ಟರು “ಇಡ್ಲಿ ಮುಗೀತು ಮಾರಾಯ್ರೆ” ಎನ್ನುವ ಧಾಟಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ನಗು ಗಿಟ್ಟಿಸುವುದು ದೌಂಡ, ಇಂದಾಪುರ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳ ಇಂಗ್ಲಿಷು. ಅವರು ಸ್ಟೇಶನ್ನಿಗೆ ‘ಟೇಶನ್’ ಎಂದರೆ ನಾನೂ ‘ಟೇಶನ್’ ಎನ್ನುತ್ತೇನೆ, ಕ್ಲಾಸು ಉರುಳಾಡುತ್ತದೆ. ರೈಲು, ಬಸ್ಸು ಹಿಡಿದು ಬರುವ ಅವರಿಗೆ ದಿನವೂ ಹತ್ತು ನಿಮಿಷ ತಡ. ತಡವಾದವರು ಹಿಂದೆ ಕೂರಬೇಕೆಂಬ ಕಾನೂನು ಮಾಡಿದವನು ನಾನು. ಹಿಂದಿನ ಎರಡು ಬೆಂಚುಗಳಿಗೆ ‘ಇಂದಾಪುರ ಬಸ್‌ಸ್ಟ್ಯಾಂಡ್’ ಎಂದು ನಾಮಕರಣ ಮಾಡಿದವನೂ ನಾನೇ. ಎಲ್ಲರೂ ನಕ್ಕಿದ್ದರು. ಎಲ್ಲರೂ ಎಂದರೆ ಮುಂದಿನವರು.

ಮನೆಯಲ್ಲಿ ಮಾತ್ರ ಈ ಕಲೆಗೆ ಬೆಲೆಯಿಲ್ಲ. ಯಾದಗಿರಿ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ನಮ್ಮವ್ವ ನನ್ನ ಅಣಕಕ್ಕೆ ಒಂದು ದಿನವೂ ನಕ್ಕವಳಲ್ಲ. ಶುಕ್ರವಾರ ಸಂಜೆ ಇಂದಾಪುರದ ಇಂಗ್ಲಿಷನ್ನು ಮಾಡಿ ತೋರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

“ಕಿರಾಣಿ ಅಂಗಡ್ಯಾಂವ ನನ್ನ ಮರಾಠಿ ಹಿಂಗ ಮಾಡಿ ತೋರಿಸಿ ಮಂದೀನ ನಗಸ್ತಾನ. ನೀ ಏನು ಅವನ ತಮ್ಮನ?”

“ಅವ್ವ, ಇದು ಕಲಾ ಅದ.”

“ಅಂವನೂ ಹಂಗ ಅಂತಾನ.”

ಕಲಾವಿದರಿಗೆ ಮನೆಯಲ್ಲಿ ಮನ್ನಣೆಯಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡೆ.

ಶನಿವಾರ ನೋಡಿದರೆ ಒಂದು ಅನಾಹುತ ಕಾದಿತ್ತು. ಸಿನಿಮಾ ಇದೆಯೆಂದು ಇಂದಾಪುರದವರು ಒಂದು ಬಸ್ಸು ಮೊದಲೇ ಹಿಡಿದು ಬಂದು, ಮೊದಲ ಬೆಂಚಿನಲ್ಲಿ ಕೂತುಬಿಟ್ಟಿದ್ದರು. ಮುಂದೆ ಸವಿತಾ. ಬೆಳಗಿನ ಐದಕ್ಕೆ ಎದ್ದು ಹೊರಡುವ, ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಮೇಡಂ ಬರುವ ಹೊತ್ತಿಗೆ ಮೊದಲ ಬೆಂಚಿನಿಂದ ‘ಟೇಶನ್’ ಕೇಳಿಬಂದರೆ ನನ್ನ ನೌಕರಿಯ ಗತಿಯೇನು?

“ಇವತ್ತು ನೀವು ಹಿಂದೆ ಕೂತುಕೊಳ್ಳಿ. ಕೈ ಎತ್ತಬೇಡಿ,” ಎಂದೆ.

“ಸರ್, ಇವತ್ತು ಲೇಟಾಗಿಲ್ಲ,” ಎಂದಳು ಸವಿತಾ. ಮಾತು ಮರಾಠಿಯಲ್ಲಿ ನಡೆಯಿತು. ಅವಮಾನಕ್ಕೆ ಅನುವಾದ ಬೇಕಿಲ್ಲವಾದರೂ ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಗೊತ್ತು. ಆದರೂ.”

ಚೀಲ ಎತ್ತಿಕೊಂಡು ಹೋದರು. ಮೇಡಂ ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಸಿನಿಮಾ ಶುರುವಾಯಿತು.

ಪರದೇಶದ ಒಂದು ಊರು. ಅಲ್ಲಿ ಕಪ್ಪು ಬಣ್ಣದವರು ಬಸ್ಸಿನ ಹಿಂಭಾಗದಲ್ಲೇ ಕೂರಬೇಕು. ಮುಂದಿನ ಸೀಟುಗಳು ಖಾಲಿಯಿದ್ದರೂ ಒಬ್ಬ ಮುದುಕಿ ಬಟ್ಟೆಯ ಗಂಟು ಹೊತ್ತು ಹಿಂದೆ ಹೋಗುತ್ತಾಳೆ. ಅವಳು ಏನೋ ಕೇಳಿದರೆ ಡ್ರೈವರ್ ಅದನ್ನೇ ಅವಳ ಧಾಟಿಯಲ್ಲಿ ತಿರುಗಿ ಹೇಳುತ್ತಾನೆ. ಬಸ್ಸೆಲ್ಲ ನಗುತ್ತದೆ.

ನಾನು ಸಿನಿಮಾ ನಿಲ್ಲಿಸಿದೆ. ಎದೆಯ ಮೇಲೆ ಕೈಯಿಟ್ಟು, ದನಿ ಗದ್ಗದ ಮಾಡಿಕೊಂಡು, “ಈ ಡ್ರೈವರನ ಮುಖವನ್ನು ಮರೆಯಬೇಡಿ,” ಎಂದೆ. ಕ್ಲಾಸು ನನ್ನ ಮುಖವನ್ನೇ ನೋಡತೊಡಗಿತು. ಅಭಿನಯ ನಾಟಿದೆ ಎಂದುಕೊಂಡೆ.

“ಇಂಥದ್ದು ನಮ್ಮಲ್ಲಿ ಇದೆಯೇ?” ಎಂದು ಇಂಗ್ಲಿಷಿನಲ್ಲಿ ಗುಡುಗಿದೆ.

“ನೋ ಸರ್,” ಎಂದಿತು ಮೊದಲ ಬೆಂಚು, ಹಿಂದಿನ ದಿನ ನಾನು ಬಾಯಿಪಾಠ ಮಾಡಿಸಿದ್ದ ಉಚ್ಚಾರದಲ್ಲಿ.

ಮೇಡಂ ಹಿಂದಕ್ಕೆ ತಿರುಗಿದರು. “ಅಲ್ಲಿಂದ ಒಬ್ಬರೂ ಉತ್ತರ ಹೇಳುವುದಿಲ್ಲವೇ?”

ಸವಿತಾ ಎದ್ದು ನಿಂತಳು. “ಕೈ ಎತ್ತಬೇಡಿ ಅಂತ ಸರ್ ಹೇಳಿದ್ದಾರೆ. ಮೊದಲೇ ಬಂದು ಮುಂದೆ ಕೂತಿದ್ದೆವು. ಎಬ್ಬಿಸಿ ಕಳಿಸಿದರು.”

ನಾನು ಪೆಚ್ಚಾಗಿ, “ಅದು... ಪ್ರಾಯೋಗಿಕ ಪಾಠ ಮೇಡಂ. ತಾರತಮ್ಯ ಅನುಭವಕ್ಕೆ ಬರಲಿ ಎಂದು,” ಎಂದೆ.

“ಎಷ್ಟು ದಿನದಿಂದ ನಡೆದಿದೆ ಈ ಪ್ರಯೋಗ?”

“ಒಂದು ವರ್ಷದಿಂದ,” ಎಂದಳು ಸವಿತಾ. “ಡ್ರೈವರನ ಥರ ನಮ್ಮ ಮಾತು ಆಡಿ ತೋರಿಸುತ್ತಾರೆ. ನಮಗೂ ಸರ್ ಅವರ ಮಾತು ಆಡಿ ತೋರಿಸಲು ಬರುತ್ತದೆ ಮೇಡಂ. ಬಸ್ಸಿನಲ್ಲಿ ದಿನಾ ಆಡುತ್ತೇವೆ.”

“ಆಡು ನೋಡೋಣ,” ಎಂದರು ಮೇಡಂ.

ಆ ಮೂಕ ಹುಡುಗಿ ಕಾಲರ್ ಎತ್ತುವಂತೆ ಮಾಡಿ, ಗದ್ದ ಮೇಲೆ ಮಾಡಿ, ಕೈಬೆರಳನ್ನು ಗಾಳಿಯಲ್ಲಿ ತಿರುಗಿಸಿದಳು: “ಲಿಸನ್ನು, ಬಾಯ್ಸು! ಓಪನ್ನು ದಿ ಬುಕ್ಕು! ಇಂಗ್ಲಿಷು ಈಸ್ ಎ ಲ್ಯಾಂಗ್ವೇಜು ಆಫ್ ದಿ ವರ್ಲ್ಡು!”

ನಾನು ಲಂಡನ್ನಿನ ಉಚ್ಚಾರವೆಂದು ಪೋಷಿಸಿಕೊಂಡು ಬಂದದ್ದು ಅದು. ಅಪ್ಪಟ ಯಾದಗಿರಿ. ಹಿಂದಿನ ಬೆಂಚು ನಕ್ಕಿತು, ಮುಂದಿನ ಬೆಂಚು ನಕ್ಕಿತು, ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗದೇ ಇದ್ದವರು ಇಬ್ಬರು: ಗೋಡೆಯ ಮೇಲಿನ ಸಿನಿಮಾದಲ್ಲಿ ನಿಂತುಹೋಗಿದ್ದ ಆ ಮುದುಕಿ, ಮತ್ತು ನಾನು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂದು ವರ್ಷ ಈ ಹುಡುಗಿ ಕೈಯನ್ನು ಎಲ್ಲಿಟ್ಟುಕೊಂಡಿದ್ದಳೋ.

ತೀರ್ಪು ಅಲ್ಲೇ ಬಂತು. ಇನ್ನೂ ಮೂರು ತಿಂಗಳು ಟ್ರಯಲ್. ಸೋಮವಾರದಿಂದ ಬೆಂಚುಗಳು ಸರದಿಯಂತೆ. ಹಿಂದಿನವರು ಮುಂದೆ, ಮುಂದಿನವರು ಹಿಂದೆ.

ಮನೆಗೆ ಬಂದಾಗ ಅವ್ವ ಕೇಳಿದಳು. “ಏನಾತು? ಕಾಯಂ ಆತೇನು?”

ಉತ್ತರದ ಬದಲಿಗೆ ಸವಿತಾ ಮಾಡಿದ ಅಣಕವನ್ನು ಮಾಡಿದೆ. ಗದ್ದ ಎತ್ತಿದೆ, ಬೆರಳು ತಿರುಗಿಸಿದೆ, “ಲಿಸನ್ನು, ಬಾಯ್ಸು,” ಎಂದೆ.

ಅವ್ವ ನಕ್ಕಳು. ನನ್ನ ಅಣಕಕ್ಕೆ, ಜನ್ಮದಲ್ಲಿ ಮೊದಲ ಸಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ಯಾರೋ ಇಂವಾ, ಇಷ್ಟು ಡೌಲು ಬಡಿಯಾಂವ?”

“ಯಾರೋ ಒಬ್ಬ ಮಾಸ್ತರವ್ವ.”

“ಇಂಥವನ್ನ ಇನ್ನೂ ಇಟ್ಕೊಂಡಾರೇನು?”

“ಮೂರು ತಿಂಗಳು ನೋಡ್ತಾರಂತ.”

“ಮೂರು ತಿಂಗಳು ಭಾಳ ಆತು ಬಿಡು,” ಎಂದು ಅವ್ವ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು.