ಆನೆಪಡೆಯೂ ಕಿಟಕಿಯ ಟವಲೂ

ಮನುಷ್ಯನಿಗೆ ಒಂದಾದರೂ ಬಿರುದು ಇರಬೇಕು ಎಂದು ನಂಬಿದವನು ನಾನು. ನನಗೆ ಸಿಕ್ಕಿರುವುದು ಒಂದೇ: 'ಆನಿ', ಅಂದರೆ ನಮ್ಮ ಕಡೆಯ ಮಾತಿನಲ್ಲಿ ಆನೆ. ನನ್ನನ್ನು ಕಣ್ಣಾರೆ ಕಂಡವರು ಇದನ್ನು ನಂಬುವುದಿಲ್ಲ. ಸಿರುಗುಪ್ಪದಲ್ಲಿ ಗಾಳಿ ಜೋರಾದ ದಿನ ನಾನು ಹೊರಗೆ ಹೊರಟರೆ, ಜೇಬಿನಲ್ಲಿ ಏನಾದರೂ ಭಾರದ್ದು ಇಟ್ಟುಕೊಳ್ಳಿ ಎನ್ನುತ್ತಾಳೆ ನನ್ನ ಹೆಂಡತಿ. ಇದು ಮೈತೂಕಕ್ಕೆ ಬಂದ ಹೆಸರಲ್ಲ, ರಣರಂಗದಲ್ಲಿ ಗಳಿಸಿದ್ದು. ರಣರಂಗವಿದ್ದದ್ದು ಬಳ್ಳಾರಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ. ಈಗ ನಾನು ಹೈಸ್ಕೂಲು ಮೇಷ್ಟ್ರು, ಊರಿಗೆಲ್ಲ 'ಸರ್'. ಆನಿ ಎಂದು ಕರೆಯುವವನು ಲೋಕದಲ್ಲಿ ಒಬ್ಬನೇ ಉಳಿದಿದ್ದಾನೆ, ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ವೀರೇಶ.

ಕಾಲೇಜಿನ ದಿನಗಳಲ್ಲಿ ಪ್ರತಿ ಭಾನುವಾರ ಅವನು ಕುರುಗೋಡಿನಿಂದ, ನಾನು ಸಿರುಗುಪ್ಪದಿಂದ ಬಸ್ಸು ಹತ್ತಿ ಬಳ್ಳಾರಿಯಲ್ಲಿ ಸೇರುತ್ತಿದ್ದೆವು. ಇಬ್ಬರೂ ಎದುರುಬದುರು ಕೂತು ಒಂದು ಯುದ್ಧದ ಆಟ ಆಡುತ್ತಿದ್ದೆವು. ಅದರಲ್ಲಿ ಕಾಲಾಳು, ಕುದುರೆ, ಬಿಲ್ಲುಗಾರ, ಆನೆ, ಎಲ್ಲ ಇದ್ದವು. ಆದರೆ ಗೆಲ್ಲುವುದಕ್ಕೆ ಆನೆ ಒಂದೇ ಸಾಕಿತ್ತು. ಇಪ್ಪತ್ತು ಆನೆ ಕೂಡಿಹಾಕಿ ಒಮ್ಮೆಲೇ ನುಗ್ಗಿಸಿದರೆ ವೀರೇಶನ ಕೋಟೆ ಹಪ್ಪಳ. ಅವನೋ ಅಭಿಮಾನಿ, ಕಾಲಾಳುಗಳನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. "ಬಡವ್ರ ಸೈನ್ಯ ಕಟ್ಟೇ ಗೆಲ್ತೀನಿ ನೋಡ್ಲೇ," ಎನ್ನುತ್ತಿದ್ದ, ಸೋಲುತ್ತಿದ್ದ. ಸೋತವನಿಗೆ ಒಂದು ಕೆಲಸವಿತ್ತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಓಡಿಹೋಗಿ, ಕಿಟಕಿಯಿಂದ ಟವಲು ಎಸೆದು ಗೆದ್ದವನಿಗೆ ಸೀಟು ಹಿಡಿಯಬೇಕು. ಟವಲು ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಅದು ಬರೆದಿಟ್ಟ ಕಾನೂನಲ್ಲ, ಆದರೂ ಎಂಥ ಜಗಳಗಂಟನೂ ಅದಕ್ಕೆ ತಲೆಬಾಗುತ್ತಿದ್ದ. ಮೂರು ವರ್ಷ ನಾನು ವೀರೇಶನ ಟವಲಿನ ಕೃಪೆಯಿಂದ ಕಿಟಕಿ ಪಕ್ಕ ಕೂತು ಊರು ಸೇರಿದೆ.

ಮೊನ್ನೆ ಅವನ ಫೋನು ಬಂತು. "ಲೇ ಆನಿ, ನಮ್ಮ ಆಟದ್ದು ಎರಡನೇ ಭಾಗ ಬಂದೈತಿ. ಐತವಾರ ಬಳ್ಳಾರಿಗೆ ನಮ್ಮಕ್ಕನ ಮನಿಗೆ ಬಾ. ಈ ಸಲ ಸೋತಿ ಅಂದ್ರ ಆನಿ ಅನ್ನೋ ಹೆಸರು ವಾಪಸ್ ಕೊಡಬೇಕು."

"ಕೊಟ್ರ ನನಗ ಏನಂತ ಕರೀತಿ?"

"ಸರ್ ಅಂತೀನಿ."

ನಗುತ್ತ ಫೋನು ಇಟ್ಟೆ, ಆದರೆ ಒಳಗೆ ನಿಜವಾಗಿಯೂ ಹೆದರಿಕೆಯಾಯಿತು. ಇವನೂ ಸರ್ ಎಂದರೆ ನನ್ನ ಹಳೆಯ ಹೆಸರನ್ನು ಬಲ್ಲವರು ಯಾರೂ ಉಳಿಯುವುದಿಲ್ಲ.

ಭಾನುವಾರ ಬಳ್ಳಾರಿಗೆ ಹೋದೆ. ಅವನ ಅಕ್ಕ ಶಾಂತಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟು, "ಇಬ್ಬರಿಗೂ ತಲಿ ಬೆಳ್ಳಗಾಗ್ಯಾವ, ಇನ್ನೂ ಕುದುರಿ ಆನಿ ಆಡ್ತೀರೇನಪಾ," ಎಂದು ಒಳಗೆ ಹೋದರು. ನಾನು ಹಳೆಯ ಪದ್ಧತಿಯಂತೆ ಆನೆಗಳನ್ನು ಮಾಡತೊಡಗಿದೆ. ಎರಡನೇ ಭಾಗದ ಆನೆಗೆ ವಿಪರೀತ ಹಸಿವು. ಕಣಜದಿಂದ ಸ್ವಲ್ಪ ದೂರ ಹೋದರೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ. ಈಟಿ ಹಿಡಿದ ನಾಲ್ಕು ಜನ ಅಡ್ಡ ಬಂದರೆ ಹಿಂದಕ್ಕೆ ಓಡಿ ನಮ್ಮ ಬಿಡಾರವನ್ನೇ ತುಳಿಯುತ್ತದೆ. ಸಾಲದ್ದಕ್ಕೆ ಈಗ ಕೋಟೆ ಒಡೆದವನಿಗೆ ಗೆಲುವಿಲ್ಲ. ಏಳು ಗುಡ್ಡಗಳಿವೆ, ನಗಾರಿ ಬಾರಿಸುವ ಹೊತ್ತಿಗೆ ಹೆಚ್ಚು ಗುಡ್ಡಗಳ ಮೇಲೆ ಯಾರ ಬಾವುಟವಿದೆಯೋ ಅವನೇ ಗೆದ್ದ. ವೀರೇಶ ಏಳು ಬಡಕಲು ಕಾಲಾಳುಗಳನ್ನು ಏಳು ದಿಕ್ಕಿಗೆ ಓಡಿಸಿ, ಬಾವುಟ ನೆಟ್ಟು, ವಾಪಸ್ ಕರೆಸಿಕೊಂಡು, ಮಿರ್ಚಿ ತಿನ್ನುತ್ತ ಕೂತ.

ನನ್ನ ಆನೆಗಳು ಏದುಸಿರು ಬಿಡುತ್ತ ಮೊದಲ ಗುಡ್ಡ ಹತ್ತಿದವು. ಅಲ್ಲಿ ಅವನ ಬಾವುಟವಿತ್ತು, ಕಾವಲಿಗೆ ನರಪಿಳ್ಳೆಯೂ ಇರಲಿಲ್ಲ. ನಾನು ಆನೆಗಳನ್ನು ಪಕ್ಕದ ಗುಡ್ಡಕ್ಕೆ ತಿರುಗಿಸಿದೆ. ಅಲ್ಲೂ ಬಾವುಟ. ಮುಂದಿನದಕ್ಕೆ ಹೋದೆ. ಹೀಗೆ ಏಳೂ ಗುಡ್ಡಗಳ ಯಾತ್ರೆ ಮುಗಿಯುವುದಕ್ಕೂ ನಗಾರಿ ಬಾರಿಸುವುದಕ್ಕೂ ಸರಿಹೋಯಿತು.

"ಬಾವುಟ ಕಿತ್ತು ಒಗದು ನಿಂದು ನೆಡಬೇಕಿತ್ತಲ್ಲೋ, ಯಾಕ ಬಿಟ್ಟಿ?" ಎಂದ ವೀರೇಶ.

"ಆಗಲೇ ಹಿಡದಿದ್ದಿಯಲ್ಲ, ಅದರಾಗ ನಾ ಹೆಂಗ ಕುಂದರ್ಲಿ?" ಎಂದೆ. ಹೇಳಿದ ಮೇಲೆ ನನ್ನ ತಪ್ಪು ನನಗೇ ತಿಳಿಯಿತು. ಅವನಿಗೆ ಮೂರು ವರ್ಷ ಟವಲು ಎಸೆಯುವ ತರಬೇತಿ ಕೊಟ್ಟವನೂ ನಾನೇ.

ಸಂಜೆ ವೀರೇಶ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದ. ಸೋತವನು ನಾನಾದರೂ ಅವನ ಕೈಗೆ ರೂಢಿಯಾಗಿತ್ತೇನೋ, ಸಿರುಗುಪ್ಪದ ಬಸ್ಸು ತಿರುಗುವ ಮೊದಲೇ ಓಡಿ ಮೂರನೇ ಕಿಟಕಿಗೆ ಟವಲು ಎಸೆದ. ಎಸೆತ ಅದೇ ಹಳೆಯದು. "ಹತ್ರಿ ಸರ್," ಎಂದ. ಆ ಒಂದು ಮಾತು ಚುಚ್ಚಿತು, ತಿರುಗಿ ನೋಡದೆ ಹತ್ತಿದೆ.

ನನ್ನ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಟವಲನ್ನು ನೀಟಾಗಿ ಮಡಚಿ ನನ್ನ ಕೈಗಿತ್ತು, "ಟವಲಿಗೆ ಟಿಕೀಟು ತಗೊಂಡೀರೇನ್ರಿ?" ಎಂದು ಕೇಳಿದರು. ಬಸ್ಸಿನದೂ ಎರಡನೇ ಭಾಗ ಬಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹೆಗಲಿಗೆ ಟವಲು ಹಾಕಿಕೊಂಡು ನಿಂತೆ, ಇನ್ನು ಮೇಲೆ ನಾನೂ ಆ ಹೆಂಗಸಿನಂತೆ ಟವಲು ಎತ್ತಿ ಕೂತುಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ.

ತೆಕ್ಕಲಕೋಟೆಯಲ್ಲಿ ನನ್ನೆದುರಿನ ಸೀಟು ಖಾಲಿಯಾಯಿತು. ಅಷ್ಟರಲ್ಲಿ ಹೊರಗಿನಿಂದ ಯಾರದೋ ಕೈ ಒಂದು ಕೆಂಪು ಟವಲು ಹಾಕಿ ಮಾಯವಾಯಿತು. ಹೊಸ ತಂತ್ರ ಪ್ರಯೋಗಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಟವಲು ಎತ್ತಿದೆ, ಧೂಳು ಕೊಡವಿದೆ, ಅದನ್ನು ಕೈಯಲ್ಲಿ ಹಿಡಿದು ಅದರ ಒಡೆಯನಿಗಾಗಿ ಬಾಗಿಲ ಕಡೆ ನೋಡುತ್ತ ನಿಂತೆ.

ಅದೇ ಹೊತ್ತಿಗೆ ವೀರೇಶನ ಫೋನು. "ಸೀಟ್ ಸಿಕ್ತೇನ್ರಿ ಸರ್?"

ಅವನು ಎಸೆದ ಟವಲು ದಂಡವಾಯಿತೆಂದು ಹೇಳಲು ಮನಸ್ಸಾಗಲಿಲ್ಲ. "ಸಿಕ್ತು. ಕಿಟಕಿ ಕಡೀಗೆ ಆರಾಮ ಕುಂತೀನಿ," ಎಂದೆ.

"ಏನ್ರೀ ಯಜಮಾನ್ರ," ಎಂದು ಕಂಡಕ್ಟರ್ ನನ್ನ ಕಿವಿಯ ಹತ್ತಿರವೇ ಕೂಗಿದ. "ಮುಂದ ಸೀಟ್ ಖಾಲಿ ಐತಿ, ಮಂದಿ ಟವಲ್ ಹಿಡಕೊಂಡು ಯಾಕ ನಿಂತೀರಿ?"

ಫೋನಿನ ಆ ಕಡೆ ವೀರೇಶ ನಕ್ಕ, ಕೆಮ್ಮು ಬರುವವರೆಗೆ ನಕ್ಕ. "ಲೇ ಆನಿ," ಎಂದ, "ಇನ್ನೂ ನಿಂತೇ ಅದೀಯೇನಲೇ?"

"ಹೂಂ, ನಿಂತೇ ಅದೀನಿ," ಎಂದೆ. ಸಿರುಗುಪ್ಪದವರೆಗೆ ಅಷ್ಟೊಂದು ಸಂತೋಷದಿಂದ ನಿಂತು ಹೋದವನು ಆ ಬಸ್ಸಿನಲ್ಲಿ ನಾನೊಬ್ಬನೇ.