ಔಷಧಿಗೂ ಕೊಸರು

ಚೌಡೇಶನ ಹೆಂಡತಿ ಕರುಣಾ ತನ್ನ ಅಣ್ಣನ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ಒಂದೇ ಒಂದು ದಿನ ಸೊರಬಕ್ಕೆ ಹೋದಳು. ಇಷ್ಟೇ ಆದದ್ದು. ಆದರೆ ಆ ಒಂದು ದಿನದಲ್ಲಿ ಶಿಕಾರಿಪುರದಲ್ಲಿ ನಡೆದದ್ದು ಬೇರೆ ಊರುಗಳಲ್ಲಿ ನೂರು ವರ್ಷಕ್ಕೂ ನಡೆಯುವುದಿಲ್ಲ.

ಹೊರಡುವ ಮುಂಚೆ ಅವಳು ಅತ್ತೆಯ ಸಿರಪ್ಪಿನ ಬಾಟಲಿಯನ್ನು ಗಂಡನ ಮೂಗಿನ ಮುಂದೆ ಹಿಡಿದು, ಅಳತೆಯ ಮುಚ್ಚಳದ ಗೆರೆಯನ್ನು ಉಗುರಿನಿಂದ ತೋರಿಸಿದಳು.

“ನೋಡಿ ಮಾರಾಯ್ರೆ, ಐದು ಎಂಎಲ್ ಅಂದ್ರೆ ಈ ಗೆರೆ. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಗೆರೆ ದಾಟಬಾರ್ದು. ಬೇರೆ ಯಾರ ಕೈಗೂ ಬಾಟಲಿ ಕೊಡಬಾರ್ದು.”

“ಮಾರ್ಕೆಟ್ ಯಾರ್ಡ್‌ನಾಗೆ ಇಪ್ಪತ್ತು ವರ್ಷದಿಂದ ತೂಕ ಮಾಡೋನಿಗೆ ಅಳತೆ ಹೇಳ್ಕೊಡ್ತೀಯಾ?”

“ಅದಕ್ಕೇ ಹೇಳ್ತಿರೋದು,” ಎಂದು ಕರುಣಾ ಬಸ್ ಹಿಡಿಯಲು ನಡೆದಳು.

ಚೌಡೇಶನ ತಾಯಿ ತುಂಗಮ್ಮ ಸಾಮಾನ್ಯ ಹೆಂಗಸಲ್ಲ. ಮೊದಲೆಲ್ಲ ಹಿತ್ತಿಲಲ್ಲಿ ನಿಂತು ಅವರು ಎಮ್ಮೆಯನ್ನು ಕೂಗಿದರೆ ಹತ್ತಾರು ಮೈಲಿ ಆಚೆಯ ತೊಗರ್ಸಿಯ ಎಮ್ಮೆಗಳೂ ಹಗ್ಗ ಕಿತ್ತುಕೊಂಡು ಬರುತ್ತಿದ್ದವು. ಮೂರು ತಿಂಗಳ ಹಿಂದೆ ಲಕ್ವ ಹೊಡೆಯಿತು. ಕೈಕಾಲು ಬೇಗನೆ ದಾರಿಗೆ ಬಂದವು, ಮಾತು ಮಾತ್ರ ಹರಿದ ಚೀಲದ ಜೋಳದಂತೆ ಚೆಲ್ಲಾಪಿಲ್ಲಿಯಾಯಿತು. ಶಿವಮೊಗ್ಗದ ನರರೋಗದ ಡಾಕ್ಟರು ಈ ಸಿರಪ್ ಬರೆದುಕೊಟ್ಟರು. ಆಮೇಲೆ ಒಂದೊಂದೇ ಹೆಸರು ಮರಳತೊಡಗಿತು. ಮೊದಲು ಸೊಸೆಯದು, ಆಮೇಲೆ ಎಮ್ಮೆಯದು, ಆಮೇಲೆ ಗ್ಯಾಸ್ ಸಿಲಿಂಡರ್ ತರುವವನದು. ಬರದೇ ಉಳಿದದ್ದು ಒಂದೇ ಹೆಸರು, ಒಬ್ಬನೇ ಮಗ ಚೌಡೇಶನದು. ಮಗನನ್ನು ಕಂಡರೆ ತುಂಗಮ್ಮ ಒಂದು ದಿನ “ಒರಳು” ಎನ್ನುವರು, ಇನ್ನೊಂದು ದಿನ “ಕಸಬರಿಗೆ”.

ಎಮ್ಮೆಯ ಹೆಸರು ಬಂದ ದಿನ ಎಲ್ಲರೂ ನಕ್ಕಿದ್ದರು. ಚೌಡೇಶನೂ ನಕ್ಕಿದ್ದ. ಆಮೇಲೆ ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಒಬ್ಬನೇ ನಿಂತಿದ್ದ.

ಇವತ್ತು ಔಷಧಿ ಅವನ ಕೈಯಲ್ಲಿತ್ತು. ಎಂಟು ಗಂಟೆಗೆ ಸರಿಯಾಗಿ ಗೆರೆಯವರೆಗೆ ಸುರಿದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಳತೆಗೆ ಕೊಸರು ಹಾಕದೆ ಏಳುವ ಕೈ ಅವನದಲ್ಲ. ಸೇರಿನ ಮೇಲೆ ಒಂದು ಹಿಡಿ, ಚೀಲದ ಮೇಲೆ ಒಂದು ಬೊಗಸೆ ಹಾಕಿದರೇನೇ ಅದು ಮರ್ಯಾದಸ್ಥರ ಅಳತೆ. ಅವನ ಕೊಸರಿನಿಂದಲೇ ಅರ್ಧ ತಾಲ್ಲೂಕಿನ ಕೋಳಿಗಳು ಬದುಕಿವೆ ಎಂದರೆ ಸುಳ್ಳಲ್ಲ. ಪರರಿಗೇ ಕೊಸರು ಹಾಕುವವನು ಹೆತ್ತ ತಾಯಿಗೆ ಬೋಳು ಅಳತೆ ಕೊಟ್ಟಾನೆಯೇ?

ಕುಡಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳಿದ. “ಅವ್ವಾ, ನಾನ್ಯಾರು?”

ತುಂಗಮ್ಮ ದಿಟ್ಟಿಸಿ ನೋಡಿ, “ಛತ್ರಿ,” ಎಂದರು.

ಪಕ್ಕದ ಮನೆಯ ಹೂವಮ್ಮ ಗೋಡೆಯ ಮೇಲಿಂದ ಇಣುಕಿದಳು. “ಒಂದು ಮುಚ್ಚಳ ಯಾವ ಮೂಲೆಗೆ ಆಗ್ತತಪ್ಪ? ಹೋದ ವಾರ ಕರುಣಾ ಅಳೆದದ್ದನ್ನ ನಾನು ಕುಡಿಸಿದೆ. ಮರುದಿನ ಬೆಳಿಗ್ಗೆ ತುಂಗಕ್ಕ ‘ಹೂವಮ್ಮ’ ಅಂತು. ಔಷಧಿಗಿಂತ ಕೈಗುಣ ದೊಡ್ಡದು. ಕೊಡು ಇಲ್ಲಿ.”

“ಹಂಗಾದ್ರೆ ನನ್ನ ಹೆಸರು ಹೇಳ್ತಾನೇ ಕುಡಿಸವ್ವ,” ಎಂದ ಚೌಡೇಶ.

ಹೂವಮ್ಮ ಕುಡಿಸಿದಳು. ಅವಳೂ ಕೊಸರು ಬಿಡುವವಳಲ್ಲ. ಚೌಡೇಶ ಯಾರ್ಡಿಗೆ ಹೋದ ಮೇಲೆ, ಮೊದಲಿನದು ಹಿಡಿಯಲಿಲ್ಲವೇನೋ ಎಂಬ ಅನುಮಾನಕ್ಕೆ ಮತ್ತೊಂದು ಹಾಕಿದಳು.

ಮಧ್ಯಾಹ್ನ ಊಟಕ್ಕೆ ಬರುವಾಗ ಚೌಡೇಶ ಜೊತೆ ಕೆಲಸಗಾರ ಯಲ್ಲಪ್ಪನನ್ನೂ ಕರೆತಂದ. ಹೂವಮ್ಮನ ಬಾಯಿಂದ ಎರಡು ಮುಚ್ಚಳದ ವಿಷಯ ಕೇಳಿದ ಯಲ್ಲಪ್ಪ ತೋಳು ಮಡಚಿದ. “ಹೆಣ್ಣುಮಕ್ಕಳ ಕೈಗೆ ಹೆಣ್ಣುಮಕ್ಕಳ ಹೆಸರೇ ಬರ್ತಾವೆ ಮಾರಾಯ. ಗಂಡಸಿನ ಹೆಸರು ಬರ್ಬೇಕಂದ್ರೆ ಗಂಡಸೇ ಹಾಕ್ಬೇಕು.”

“ಬೆಳಿಗ್ಗೆ ನಾನು ಹಾಕಿದ್ನಲ್ಲೋ?”

“ಅದಕ್ಕೇ ಛತ್ರಿ ಬಂತು. ಛತ್ರಿ ಹಿಡ್ಕೊಂಡು ತಿರುಗೋರು ಗಂಡಸ್ರೇ ಅಲ್ವಾ? ಹತ್ರ ಬಂದೈತೆ ಬಿಡು.”

ಇಂಥ ತರ್ಕಕ್ಕೆ ಸುಪ್ರೀಂ ಕೋರ್ಟಿನಲ್ಲೂ ಉತ್ತರವಿಲ್ಲ. ಯಲ್ಲಪ್ಪ ಸುರಿದ ಕೊಸರು ಮುಚ್ಚಳ ತುಂಬಿ ಮುಂಗೈವರೆಗೆ ಇಳಿಯಿತು.

ಎರಡು ಗಂಟೆಗೆ ತುಂಗಮ್ಮ ಮಲಗಬೇಕಾದವರು ಎದ್ದು ನಿಂತರು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ತಿರುಗತೊಡಗಿದರು. ಮಾತು ಕಟ್ಟೆ ಒಡೆದ ಕೆರೆಯಾಯಿತು. “ಉಪ್ಪಿನಕಾಯಿಗೆ ಲಗ್ನ ಆತು. ಎಮ್ಮೆಗೆ ರೇಷನ್ ಕಾರ್ಡ್ ಮಾಡ್ಸಿ. ಬಸ್ಸಿಗೆ ಒಗ್ಗರಣೆ ಹಾಕು.” ಯಲ್ಲಪ್ಪ ಮೊದಲು ನಕ್ಕ. ಆಮೇಲೆ ನಗಲಿಲ್ಲ. ತುಂಗಮ್ಮನ ಕೈ ನಡುಗುತ್ತಿತ್ತು, ಹಣೆ ಬೆವರಿತ್ತು. ಬಾಗಿಲ ಚೌಕಟ್ಟನ್ನು ಹಿಡಿದು ಮಗನ ಮುಖ ನೋಡಿದರು. ಆ ಕಣ್ಣಲ್ಲಿ ಭಯವಿತ್ತು.

ಚೌಡೇಶ ಸೊರಬಕ್ಕೆ ಫೋನ್ ಮಾಡಿದ. ಹಿಂದೆ ಜೋಗುಳ ಕೇಳುತ್ತಿತ್ತು.

“ಎಷ್ಟು ಕೊಟ್ರಿ?” ಎಂದಳು ಕರುಣಾ.

“ಒಂದೇ ಮುಚ್ಚಳ.”

“ರೀ, ಎಷ್ಟು?”

“ನಾನು ಒಂದು. ಹೂವಮ್ಮ ಎರಡು. ಯಲ್ಲಪ್ಪ ಒಂದು. ಮೇಲೆ ಕೊಸರು.”

ಕರುಣಾ ಎದ್ದು ಹೊರಗೆ ಬಂದಳೇನೋ, ಜೋಗುಳ ದೂರವಾಯಿತು. “ಬಾಟಲಿ, ಡಾಕ್ಟ್ರ ಚೀಟಿ ಎರಡೂ ಹಿಡ್ಕೊಂಡು ಈಗ್ಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ಒಂದೇ ಮುಚ್ಚಳ ಅಂತ ಹೇಳ್ಬೇಡಿ. ನಾನು ಸಿಕ್ಕ ಬಸ್ಸಿಗೆ ಬರ್ತೀನಿ.”

ಮೂಲೆಯ ಸ್ಟ್ಯಾಂಡಿನ ಆಟೋ ಚಾಲಕ ಲೋಕೇಶ ಇವರಿಗೆ ಗುರುತಿನವನಲ್ಲ. ಆದರೂ ಆಸ್ಪತ್ರೆಯ ಮೆಟ್ಟಿಲ ಬಳಿ ತುಂಗಮ್ಮನ ಕೈ ಹಿಡಿದು ಆಟೋದಿಂದ ಇಳಿಸಿ ಒಳಗೆ ಕರೆತಂದವನು ಅವನೇ, ಏಕೆಂದರೆ ಚೌಡೇಶನ ಒಂದು ಕೈಯಲ್ಲಿ ಬಾಟಲಿಯಿತ್ತು, ಇನ್ನೊಂದರಲ್ಲಿ ಚೀಟಿ. ಹಿಡಿದ ಕೈಯನ್ನು ತುಂಗಮ್ಮ ಬಿಡಲಿಲ್ಲ. “ಇರ್ಲಿ ಬಿಡಿ, ನಾ ಕೂತಿರ್ತೀನಿ,” ಎಂದು ಲೋಕೇಶ ಮಂಚದ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತ.

ಡಾಕ್ಟರ್ ಗಂಗಾಶ್ರೀ ನಾಡಿ, ಬಿಪಿ ಎಲ್ಲ ನೋಡಿ ಚೌಡೇಶನನ್ನು ತಮ್ಮ ಕೋಣೆಗೆ ಕರೆದರು. ಅವನು ಒಂದನ್ನೂ ಮುಚ್ಚಿಡದೆ ಒಪ್ಪಿಸಿದ.

“ಕೊಸರು ಅಂದ್ರೆ ಎಷ್ಟು ಎಂಎಲ್ ರೀ?”

ಇಪ್ಪತ್ತು ವರ್ಷದಲ್ಲಿ ಲಕ್ಷ ಚೀಲ ತೂಗಿದವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಯಾರ್ಡಿನ ರೂಢಿಯಂತೆ ಬೊಗಸೆ ಮಾಡಿ ತೋರಿಸಿದ.

“ಇದು ಮೆಕ್ಕೆಜೋಳ ಅಲ್ಲ. ಹೆಚ್ಚು ಸುರಿದ್ರೆ ಬೇಗ ವಾಸಿ ಆಗಲ್ಲ, ಹೀಗೆ ತಳಮಳ ಆಗ್ತದೆ. ಸಂಜೆವರೆಗೂ ನಾವು ನೋಡ್ಕೊಳ್ತೀವಿ. ಇವತ್ತು ರಾತ್ರಿದು ಬೇಡ, ನಾಳೆಯಿಂದ ಮೊದಲಿನ ಹಾಗೆ ಗೆರೆವರೆಗೆ. ಹೆದರ್ಕೊಂಡು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಲೂಬಾರ್ದು.” ಚೀಟಿಯ ಮೇಲೆ ಏನೋ ಬರೆಯುತ್ತ ಡಾಕ್ಟರು ಕೇಳಿದರು. “ಮಾತು ಬರೀ ಸಿರಪ್ಪಿಗೆ ಬರಲ್ಲ. ದಿನಾ ಎಷ್ಟು ಹೊತ್ತು ಅವರ ಹತ್ರ ಕೂತು ಮಾತಾಡ್ತೀರಿ?”

“ಬೆಳಿಗ್ಗೆ ಹೋಗುವಾಗ ‘ನಾನ್ಯಾರು’ ಅಂತ ಕೇಳ್ತೀನಿ ಮೇಡಂ. ಸಂಜೆ ಬಂದ ಮೇಲೂ ಕೇಳ್ತೀನಿ.”

“ಅದು ಮಾತಲ್ಲ, ಪರೀಕ್ಷೆ.”

ಚೌಡೇಶ ವರಾಂಡದ ಬೆಂಚಿನ ಮೇಲೆ ಕೂತ. ಮೂರು ತಿಂಗಳಲ್ಲಿ ಅವ್ವನ ಜೊತೆ ಆಡಿದ ಬೇರೆ ಮಾತು ಯಾವುದಾದರೂ ಇದೆಯೇ ಎಂದು ಹುಡುಕಿದ. “ಊಟ ಆಯ್ತಾ” ಎಂದು ಒಮ್ಮೆ ಕೇಳಿದ ನೆನಪು ಬಂತು. ಅದು ಎಮ್ಮೆಗೆ ಹುಲ್ಲು ಹಾಕುತ್ತ ಕೇಳಿದ್ದು, ಅವ್ವನನ್ನು ಕೇಳಿದ್ದೋ ಎಮ್ಮೆಯನ್ನು ಕೇಳಿದ್ದೋ ಗೊತ್ತಾಗಲಿಲ್ಲ.

ಆರು ಗಂಟೆಯ ಹೊತ್ತಿಗೆ ತುಂಗಮ್ಮನ ಕೈ ನಡುಕ ನಿಂತಿತು. ಕರುಣಾಳ ಬಸ್ಸು ಇನ್ನೂ ದಾರಿಯಲ್ಲೇ ಇತ್ತು. ನರ್ಸ್ ಕರೆದಳು, ಚೌಡೇಶ ಒಳಗೆ ಹೋಗಿ ಮಂಚದ ಬುಡದಲ್ಲಿ ನಿಂತ. ಏನೂ ಕೇಳಬಾರದೆಂದು ನಿಶ್ಚಯಿಸಿದ್ದ. ಲೋಕೇಶ ಇನ್ನೂ ಕೈ ಹಿಡಿದೇ ಕೂತು, ತನ್ನ ಮಗಳು ಚಂದ್ರಗುತ್ತಿ ಬೆಟ್ಟ ಹತ್ತಿದ ಕತೆ ಹೇಳುತ್ತಿದ್ದ. ಎರಡು ತಾಸಿನಿಂದ ಹೇಳುತ್ತಿದ್ದನಂತೆ.

ತುಂಗಮ್ಮ ಕಣ್ಣು ತೆರೆದರು. ಮೊದಲಿನ ಅದೇ ಗಟ್ಟಿ ದನಿಯಲ್ಲಿ, “ಚೌಡೇಶಾ,” ಎಂದರು.

ಚೌಡೇಶನ ಎದೆ ಹಾರಿ ಅಂಬ್ಲಿಗೊಳ ಜಲಾಶಯದ ನೀರಿಗೆ ಬಿದ್ದು ಮೇಲೆದ್ದಷ್ಟು ಹಗುರಾಯಿತು. “ಅವ್ವಾ,” ಎಂದು ಎರಡು ಹೆಜ್ಜೆ ಮುಂದಿಟ್ಟ.

ಅವರು ನೋಡುತ್ತಿದ್ದದ್ದು ಲೋಕೇಶನನ್ನು.

“ಚೌಡೇಶಾ, ಪಾಪ ಅವ್ರು ಆಗ್ಲಿಂದ ನಿಂತೇ ಅದಾರೆ. ಎದ್ದು ಕುರ್ಚಿ ಕೊಡೋ.”

ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಬಂದ, ಅರ್ಥವಿರುವ ಮೊದಲ ಪೂರ್ತಿ ಮಾತು ಅದು. ನರ್ಸ್ ಸಂತೋಷದಿಂದ ಡಾಕ್ಟರನ್ನು ಕರೆಯಲು ಓಡಿದಳು. ಲೋಕೇಶ ತಡವರಿಸುತ್ತ ಎದ್ದ. “ಅಲ್ಲ ಅಜ್ಜಿ, ನಾನು ಆಟೋದೋನು, ಇವ್ರು—”

“ಇರ್ಲಿ ಬಿಡ್ರಿ,” ಎಂದು ಚೌಡೇಶ ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕೂತ.

ತುಂಗಮ್ಮ ಸೆರಗು ಸರಿಮಾಡಿಕೊಂಡು, ಬಂದವರೊಡನೆ ಆಡುವ ಮರ್ಯಾದೆಯ ದನಿಯಲ್ಲಿ ವಿಚಾರಿಸಿದರು. “ಯಾವೂರಾತು ನಿಮ್ದು?”

“ಇಲ್ಲೇ,” ಎಂದ ಚೌಡೇಶ. “ಶಿಕಾರಿಪುರ.”